ಕೊರೆದ ಲೋಹದ ಸಾಲ

ದರ್ಜಿಯು ಅಂಗಿಗೆ ಕಾಜಾ ಕತ್ತರಿಸಿದೊಡನೆ ಅದರ ಅಂಚಿಗೆ ಒತ್ತೊತ್ತಾಗಿ ದಾರ ಹೊಲಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹೊಲಿಯದಿದ್ದರೆ ಬಟ್ಟೆ ಅಲ್ಲಿಂದಲೇ ಹರಿಯುತ್ತದೆ. ನಮ್ಮ ಅಜ್ಜಿಯರಿಗೂ ತಿಳಿದಿದ್ದ ಈ ಮಾತನ್ನು ಉಕ್ಕಿನ ಪಾತ್ರೆಗಳ ವಿಷಯದಲ್ಲಿ ಕಲಿಯಲು ಜಗತ್ತಿಗೆ ಬಹುಕಾಲ ಹಿಡಿಯಿತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

ಹಬೆಯನ್ನೋ ಅನಿಲವನ್ನೋ ಒತ್ತಿ ತುಂಬಿಡುವ ಪಾತ್ರೆಗೆ ತೂತೇ ಇಲ್ಲದಿದ್ದರೆ ಅದು ಸುಭದ್ರ, ಆದರೆ ನಿರುಪಯೋಗಿ. ಒಳಕ್ಕೂ ಹೊರಕ್ಕೂ ಕೊಳವೆ ಬೇಕು, ಒತ್ತಡ ಮಿತಿಮೀರಿದರೆ ತೆರೆದುಕೊಳ್ಳುವ ಕವಾಟ ಬೇಕು, ತೊಳೆಯಲು ಮನುಷ್ಯ ಇಳಿಯುವಷ್ಟು ಬಾಯಿ ಬೇಕು. ನಮ್ಮ ಕುಕ್ಕರಿನ ಮೂಲಪುರುಷ ದೆನಿ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ ಪಾತ್ರೆಯ ಕಾಲದಿಂದಲೂ ಈ ಇಕ್ಕಟ್ಟು ಉಂಟು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಎಷ್ಟೋ ಬಾಯ್ಲರುಗಳ ತಗಡನ್ನು ಸುಮ್ಮನೆ ಕತ್ತರಿಸಿ ಬಾಯಿ ಬಿಡುತ್ತಿದ್ದರು. ಕೆಲವು ಆ ಅಂಚಿನಿಂದಲೇ ಸೀಳಿಹೋದವು. ಬಾಯಿಯ ಸುತ್ತ ದಪ್ಪ ಬಳೆಯನ್ನು ರಿವೆಟ್ ಹೊಡೆದು ಕೂಡಿಸಬೇಕೆಂದು ತನಿಖೆಗಾರರು ಒತ್ತಿ ಹೇಳತೊಡಗಿದರು. ಕಾರಣವನ್ನು ಗಣಿತದಿಂದ ತೋರಿಸಿದವನು ಜರ್ಮನಿಯ ಕಿರ್ಷ್. ಅಗಲವಾದ ತಗಡಿನಲ್ಲಿ ದುಂಡು ತೂತು ಕೊರೆದು ಒಂದು ದಿಕ್ಕಿಗೆ ಎಳೆದರೆ, ತೂತಿನ ಅಂಚಿನಲ್ಲಿ ಎಳೆತವು ಮೂರು ಪಟ್ಟಾಗುತ್ತದೆಂದು 1898ರಲ್ಲಿ ಆತ ಸಿದ್ಧಪಡಿಸಿದ.

1905ರ ಮಾರ್ಚ್ 20ರಂದು ಅಮೆರಿಕದ ಬ್ರಾಕ್ಟನ್ನಿನ ಪಾದರಕ್ಷೆ ಕಾರ್ಖಾನೆಯಲ್ಲಿ ಬಾಯ್ಲರು ಸಿಡಿದು 58 ಮಂದಿ ಸತ್ತರು. ಅಲ್ಲಿ ಬಿರುಕುಬಿಟ್ಟದ್ದು ತೂತಲ್ಲ, ತಗಡಿನ ಬೆಸುಗೆಸಾಲಿನಂತಿದ್ದ ರಿವೆಟ್ ಜೋಡಣೆ. ಆದರೆ ಆ ದುಃಖದಿಂದಲೇ ಕಾನೂನು ಹುಟ್ಟಿತು. 1915ರಲ್ಲಿ ಅಮೆರಿಕದ ಯಾಂತ್ರಿಕ ಎಂಜಿನಿಯರುಗಳ ಸಂಘದ ಸಂಹಿತೆ ಹೊರಬಂತು. ಮುಂದೆ ಇಂಥ ಸಂಹಿತೆಗಳಲ್ಲಿ ನೆಲೆಯೂರಿದ ಸೂತ್ರ ಸರಳವಾದದ್ದು: ಕೊರೆದು ತೆಗೆದ ಲೋಹವನ್ನು ತೂತಿನ ಸುತ್ತಲೇ ತಿರುಗಿ ಕೊಡು. 12 ಮಿಲಿಮೀಟರ್ ದಪ್ಪ ಬೇಕಾದಲ್ಲಿ 100 ಮಿಲಿಮೀಟರ್ ಅಗಲದ ತೂತು ಕೊರೆದರೆ 1200 ಚದರ ಮಿಲಿಮೀಟರ್ ಸಾಲವಾಯಿತು. ತಗಡಿನ ಮತ್ತು ಕೊಳವೆಯ ಹೆಚ್ಚುವರಿ ದಪ್ಪವನ್ನು ಜಮೆಗೆ ಹಿಡಿಯಬಹುದು. ಸಾಲದಿದ್ದರೆ ಸುತ್ತ ಉಕ್ಕಿನ ಬಳೆ ಬೆಸೆಯಬೇಕು. ದೂರದಲ್ಲಿ ಇಟ್ಟ ಲೋಹ ಲೆಕ್ಕಕ್ಕಿಲ್ಲ.

ಪಾತ್ರೆಯ ಉಬ್ಬಿದ ತಲೆಯಲ್ಲಿ ಸ್ಥಳವನ್ನೂ ನೋಡಬೇಕು. ನಡುಭಾಗ ಸೌಮ್ಯ, ಅಂಚಿನ ಕಡೆಯ ಬಾಗು ಮೊದಲೇ ದಣಿದ ಜಾಗ. ಆ ಬಳೆಯಲ್ಲಿಯೂ ಒಂದು ಪುಟ್ಟ ರಂಧ್ರ ಬಿಡುತ್ತಾರೆ. ಬೆಸೆಯುವಾಗ ಒಳಗಿನ ಗಾಳಿ ಅಲ್ಲಿಂದ ಹೊರಡುತ್ತದೆ. ಮುಂದೆ ಒಳಬೆಸುಗೆ ಸೋರಿದರೆ ಅದೇ ರಂಧ್ರ ಚಾಡಿ ಹೇಳುತ್ತದೆ.

ನಮ್ಮ ದೇಶದ ಕಥೆಯೂ ಬೇರೆಯಲ್ಲ. 1863ರಲ್ಲಿ ಕಲಕತ್ತೆಯಲ್ಲಿ ಬಾಯ್ಲರು ಸಿಡಿದು ಹಲವರು ಸತ್ತ ಮೇಲೆ, 1864ರಲ್ಲಿ ಅಲ್ಲಿ ತಪಾಸಣೆಯ ಕಾಯಿದೆ ಬಂತು. ಪ್ರಾಂತಕ್ಕೊಂದರಂತಿದ್ದ ಕಾನೂನುಗಳನ್ನು ಒಂದುಗೂಡಿಸಿದ್ದು 1923ರ ಕಾಯಿದೆ. ಅದರ ಸ್ಥಾನಕ್ಕೆ 2025ರಲ್ಲಿ ಹೊಸದು ಬಂದಿದೆ.

ಊರು ಬಿಟ್ಟು ಬಂದು ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರು ಎಷ್ಟೋ ಮಂದಿ. ಹಳೆಯ ಪಾತ್ರೆಗೆ ಅವಸರದಲ್ಲಿ ‘ಒಂದೇ ಒಂದು ಸಣ್ಣ ಕೊಳವೆ’ ಸೇರಿಸುವ ಮಾತು ಬಂದಾಗ, ಲೆಕ್ಕ ಕೇಳುವವನನ್ನು ಅಡ್ಡಗಾಲು ಹಾಕುವವನೆಂದು ಬಗೆಯದಿರೋಣ. ಆತ ಕೇಳುತ್ತಿರುವುದು ಹಿಂದೆ ಸತ್ತವರು ಬಿಟ್ಟುಹೋದ ಪ್ರಶ್ನೆ: ಕೊರೆದದ್ದನ್ನು ತೀರಿಸಿದಿರಾ?