ಬೂದಿಯಾಗದೆ ಉಳಿದ ಇದ್ದಿಲು

ಸುರಪುರ ತಾಲ್ಲೂಕಿನ ಬೂದಿಹಾಳದ ಹೆಸರಿನಲ್ಲೇ ಬೂದಿ ಇದೆ. ಅಲ್ಲಿನ ನೆಲದಲ್ಲೂ ಇದೆ. ಅಲ್ಲಿಯ ಬೂದಿದಿಬ್ಬವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಅಗೆದು ಅಭ್ಯಸಿಸಿದರು. ಸುಮಾರು 4 ಸಾವಿರ ವರ್ಷಗಳ ಹಿಂದೆ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಸುಟ್ಟದ್ದರಿಂದ ಆದ ದಿಬ್ಬ ಅದು.

ಬಯಲಿನಲ್ಲಿ ಉರಿದದ್ದು ಹೀಗೆ ಬೂದಿಯಾಗುತ್ತದೆ. ಉರಿಯುವ ಕಟ್ಟಿಗೆಗೆ ಮಣ್ಣು ಮುಚ್ಚಿ ಗಾಳಿ ತಡೆದರೆ ಮಾತ್ರ ಇದ್ದಿಲು ದೊರೆಯುತ್ತದೆ. ಈ ಇದ್ದಿಲು ಕೇವಲ ಉರುವಲಲ್ಲ ಎಂಬುದನ್ನು ವಿಜ್ಞಾನಿಗಳು ಗುರುತಿಸಿದ್ದು 18ನೇ ಶತಮಾನದಲ್ಲಿ. ಅದು ಅನಿಲಗಳನ್ನು ಹಿಡಿದಿಡುವುದನ್ನು ಸ್ವೀಡನ್ನಿನ ಕಾರ್ಲ್ ಶೀಲ 1773ರಲ್ಲಿ ಕಂಡರು. ಬಣ್ಣಗಟ್ಟಿದ ದ್ರಾವಣವನ್ನು ಅದು ತಿಳಿಗೊಳಿಸುವುದನ್ನು ರಷ್ಯಾದಲ್ಲಿದ್ದ ಟೋಬಿಯಾಸ್ ಲೋವಿಟ್ಸ್ 1785ರಲ್ಲಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಯುರೋಪಿನ ಸಕ್ಕರೆ ತಯಾರಕರು ಪಾಕ ಬಿಳಿಯಾಗಿಸಲು ಇದ್ದಿಲನ್ನು ಬಳಸತೊಡಗಿದರು.

ಸಾಮಾನ್ಯ ಇದ್ದಿಲಿನ ಅನೇಕ ರಂಧ್ರಗಳು ಡಾಂಬರಿನಂಥ ಅಂಟಿನಿಂದ ಮುಚ್ಚಿರುತ್ತವೆ. ಅದನ್ನು 800 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಹಬೆಗೆ ಒಡ್ಡಿದರೆ ರಂಧ್ರಗಳು ತೆರೆದುಕೊಂಡು, ಹೊಸವೂ ಹುಟ್ಟುತ್ತವೆ. ಇದೇ ಸಕ್ರಿಯ ಇಂಗಾಲ. ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್, ಅಂದರೆ ಹತ್ತು ಗುಂಟೆ ಹೊಲದಷ್ಟಾಗಬಹುದು. ಕೊಳೆ, ವಾಸನೆ, ಬಣ್ಣ ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಈ ವಿಧಾನಕ್ಕೆ ರಾಫಾಯೆಲ್ ಫಾನ್ ಒಸ್ಟ್ರೆಯ್ಕೊ 1900-01ರಲ್ಲಿ ಪೇಟೆಂಟ್ ಪಡೆದರು. 1915ರಲ್ಲಿ ಯುದ್ಧರಂಗದಲ್ಲಿ ವಿಷಾನಿಲ ಹಬ್ಬಿದಾಗ ಸೈನಿಕರ ಮುಖವಾಡಕ್ಕೆ ಇದ್ದಿಲು ಸೇರಿತು. 1918ರಲ್ಲಿ ಅಮೆರಿಕ ಇದಕ್ಕಾಗಿ ತೆಂಗಿನ ಚಿಪ್ಪು, ಹಣ್ಣಿನ ಓಟೆಗಳನ್ನು ಸಂಗ್ರಹಿಸಿತು.

ಬಿಸಾಡುವ ವಸ್ತುವಿಗೆ ಬೆಲೆ ಬಂದದ್ದು ಹೀಗೆ. ಯಾದಗಿರಿ, ಶಹಾಪುರ, ಸುರಪುರಗಳ ಹೊಲಗಳಲ್ಲೂ ಸುಗ್ಗಿ ಮುಗಿದ ಮೇಲೆ ಹತ್ತಿ, ತೊಗರಿಯ ಕಟ್ಟಿಗೆ ಉಳಿಯುತ್ತದೆ. ಹತ್ತಿ ಕಟ್ಟಿಗೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ ಕಾಯಿಸಿದರೆ ಇನ್ನೂ ಕಡಿಮೆ ಶಾಖದಲ್ಲೇ ಸಕ್ರಿಯ ಇಂಗಾಲ ದೊರೆಯುವುದು ಪ್ರಯೋಗಾಲಯಗಳಲ್ಲಿ ಸಾಬೀತಾಗಿದೆ. ಒಲೆಗೆ ಹೋಗದೆ ಹೊಲದಲ್ಲೇ ಸುಟ್ಟುಹೋಗುವ ಕಟ್ಟಿಗೆ ಮಾತ್ರ ಇಂದಿಗೂ ಬೂದಿಯೇ.

ಆದರೆ ಎಲ್ಲ ವಿಷಕ್ಕೂ ಇದ್ದಿಲು ಮದ್ದಲ್ಲ. ಹಳೆಯ ಚಿನ್ನದ ಗಣಿಗಳಿದ್ದ ಮಂಗಳೂರು ಶಿಲಾಪಟ್ಟಿ ಸುರಪುರ ಸೀಮೆಯಲ್ಲಿದೆ. (ಇದು ಕರಾವಳಿಯ ಮಂಗಳೂರಲ್ಲ.) ಇಲ್ಲಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ಕಾಯಿಲೆ ತಗುಲಿದ್ದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಬಣ್ಣ, ವಾಸನೆಗಳನ್ನು ಚೆನ್ನಾಗಿ ಹಿಡಿಯುವ ಸಕ್ರಿಯ ಇಂಗಾಲ ಆರ್ಸೆನಿಕ್ ಮತ್ತು ಫ್ಲೋರೈಡನ್ನು ಅಷ್ಟಾಗಿ ಹಿಡಿಯುವುದಿಲ್ಲ. ಆರ್ಸೆನಿಕ್‌ಗೆ ಇಂಗಾಲದ ಮೇಲೆ ಕಬ್ಬಿಣದ ಸಂಯುಕ್ತ ಲೇಪಿಸಬೇಕು. ಫ್ಲೋರೈಡ್‌ಗೆ ಮೂಳೆ ಇದ್ದಿಲು ಬೇಕು. ಇದ್ದಿಲ ಪದರದಿಂದ ಇಳಿದು ಬಂದ ನೀರು ತಿಳಿಯಾಗಿ, ರುಚಿಯಾಗಿ ಇದ್ದೀತು. ಅದರಲ್ಲಿ ವಿಷ ಉಳಿದೀತು. ಈ ಸೀಮೆಯ ಕೊಳವೆಬಾವಿಯ ನೀರಿಗೆ ಸೋಸುವ ಸಾಧನಕ್ಕಿಂತ ಮೊದಲು ಬೇಕಾದದ್ದು ಪರೀಕ್ಷೆ.