ಸ್ಪನಕೊಪಿಟದ ಪೌರತ್ವ

ವರ್ಷಾಂತ್ಯದ ವಾರಗಳಲ್ಲಿ ದೆಹಲಿ, ಮುಂಬಯಿ, ಪುಣೆಗಳ ಬೇಕರಿಗಳಲ್ಲಿಯೂ ಗೆಳೆಯರ ಮನೆಯ ಕೂಟಗಳಲ್ಲಿಯೂ ಈಚೆಗೆ ಕಾಣಸಿಗುವ ತಿನಿಸೊಂದಿದೆ. ನೋಡಲು ಸಮೋಸದಂತೆ ತ್ರಿಕೋನ. ಆದರೆ ಎಣ್ಣೆಯಲ್ಲಿ ಕರಿದದ್ದಲ್ಲ, ಓವನ್ನಿನಲ್ಲಿ ಬೇಯಿಸಿದ್ದು. ಕಚ್ಚಿದರೆ ಚಿರೋಟಿಯಂತೆ ಪದರುಪದರಾಗಿ ಉದುರುತ್ತದೆ. ಒಳಗೆ ಪಾಲಕ್ ಸೊಪ್ಪು ಮತ್ತು ಉಪ್ಪಾದ ಚೀಸ್. ಇದರ ಹೆಸರು ಸ್ಪನಕೊಪಿಟ. ದೊಡ್ಡ ತಟ್ಟೆಯಲ್ಲಿ ಬೇಯಿಸಿ ಚೌಕವಾಗಿ ಕತ್ತರಿಸುವುದು ಮನೆಯ ರೂಢಿ. ಅತಿಥಿಗಳ ಕೈಗೆ ಕೊಡಲು ಮಾಡುವ ಚಿಕ್ಕ ತ್ರಿಕೋನಗಳಿಗೆ ಸ್ಪನಕೊಪಿಟಾಕಿಯ ಎನ್ನುವರು. ಗ್ರೀಕ್ ತಿನಿಸೆಂದು ಎಲ್ಲರೂ ಹೇಳುತ್ತಾರೆ. ಆ ‘ಗ್ರೀಕ್’ ಎಂಬ ವಿಶೇಷಣವನ್ನು ನಾವು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇವೆ. ಯಾರು ಗ್ರೀಕರು, ಯಾರು ತುರ್ಕರು ಎಂಬ ಪ್ರಶ್ನೆಗೆ ರಾಜಕಾರಣಿಗಳು ಒಮ್ಮೆ ಕಾಗದದ ಮೇಲೆ ಉತ್ತರ ಬರೆದಾಗ 15 ಲಕ್ಷಕ್ಕೂ ಹೆಚ್ಚು ಜನ ಶಾಶ್ವತವಾಗಿ ಮನೆಯನ್ನು ಕಳೆದುಕೊಂಡರು. ಅವರೊಡನೆ ಅಡುಗೆಗಳೂ ಗಡಿ ದಾಟಿದವು.

ಮೊದಲು ಹೆಸರು. ‘ಸ್ಪನಾಕಿ’ ಎಂದರೆ ಪಾಲಕ್, ‘ಪಿಟ’ ಎಂದರೆ ಹೂರಣ ತುಂಬಿದ ಕಡುಬಿನಂಥ ಭಕ್ಷ್ಯ. ಹೊದಿಕೆಯ ಹಾಳೆಗೆ ‘ಫಿಲೊ’ ಎಂದು ಹೆಸರು. ಗ್ರೀಕಿನಲ್ಲಿ ಅದರ ಅರ್ಥ ಎಲೆ. ಇಲ್ಲಿಯವರೆಗೆ ಎಲ್ಲವೂ ಗ್ರೀಕೇ. ಆದರೆ ‘ಸ್ಪನಾಕಿ’ ಎಂಬ ಶಬ್ದವೇ ಪರ್ಷಿಯನ್ ಭಾಷೆಯ ‘ಅಸ್ಪಾನಾಖ್’ನಿಂದ ಬಂದದ್ದು. ಪೆರಿಕ್ಲಿಸನಾಗಲಿ ಪ್ಲೇಟೋ ಆಗಲಿ ಈ ಸೊಪ್ಪನ್ನು ಕಂಡವರಲ್ಲ. ಪರ್ಷಿಯಾದ ಈ ಬೆಳೆ ಪೂರ್ವಕ್ಕೂ ಪಶ್ಚಿಮಕ್ಕೂ ಹರಡಿತು. ಕ್ರಿ.ಶ. 647ರಲ್ಲಿ ನೇಪಾಳದ ಅರಸನು ಚೀನದ ತಾಂಗ್ ಚಕ್ರವರ್ತಿಗೆ ಕಳುಹಿಸಿದ ಕಾಣಿಕೆಗಳಲ್ಲಿ ಇದೂ ಇತ್ತೆಂದು ಚೀನೀ ದಾಖಲೆಗಳು ಹೇಳುತ್ತವೆ. ಚೀನೀಯರು ಇದನ್ನು ‘ಪರ್ಷಿಯಾದ ಸೊಪ್ಪು’ ಎಂದು ಕರೆದರು. ಪಶ್ಚಿಮದಲ್ಲಿ ಅರಬರು ಇದನ್ನು ಸ್ಪೇನಿನವರೆಗೆ ಒಯ್ದು ಬೆಳೆಸಿದರು. ಇಲ್ಲಿ ನಮ್ಮ ಮಾರುಕಟ್ಟೆಯ ಮಾತೊಂದನ್ನೂ ಹೇಳಿಬಿಡಬೇಕು. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದು ಬರುವ ನಮ್ಮ ‘ಪಾಲಕ್’ ಬಹುಪಾಲು ಬೀಟ್‌ರೂಟಿನ ಕುಲಕ್ಕೆ ಸೇರಿದ ಸಸ್ಯ. ಪರ್ಷಿಯಾದ ನಿಜವಾದ ಸ್ಪಿನಾಚಿಗೆ ಕೃಷಿಕರು ‘ವಿಲಾಯಿತಿ ಪಾಲಕ್’ ಎನ್ನುತ್ತಾರೆ. ಹೆಸರೊಂದು, ಕುಲವೊಂದು ಎಂಬ ತೊಡಕು ಗ್ರೀಸಿಗೆ ಮಾತ್ರ ಮೀಸಲಲ್ಲ.

ಇನ್ನು ಪದರುಗಳು. ಈ ಪ್ರಶ್ನೆಯಲ್ಲಿ ವಿದ್ವಾಂಸರು ಎರಡು ಬಣವಾಗಿ ನಿಂತಿದ್ದಾರೆ. ಒಂದು ಪಕ್ಷದವರು ಪ್ರಾಚೀನ ರೋಮನ್ನರತ್ತ ಬೆರಳು ತೋರುತ್ತಾರೆ. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಕೇಟೊ ಎಂಬ ರೋಮನ್ ರಾಜನೀತಿಜ್ಞನು ಬೇಸಾಯವನ್ನು ಕುರಿತು ಬರೆದ ಗ್ರಂಥದಲ್ಲಿ ‘ಪ್ಲಸೆಂಟ’ ಎಂಬ ಭಕ್ಷ್ಯದ ವಿಧಾನವಿದೆ: ಹಿಟ್ಟಿನ ಹಾಳೆಗಳ ನಡುವೆ 14 ರೋಮನ್ ಪೌಂಡು ಕುರಿಹಾಲಿನ ಚೀಸ್, ನಾಲ್ಕೂವರೆ ಪೌಂಡು ಜೇನು. (ಕುಟುಂಬಕ್ಕಲ್ಲ, ಒಂದು ಗ್ರಾಮಕ್ಕೇ ಬಡಿಸುವ ಪ್ರಮಾಣ!) ‘ಪ್ಲಸೆಂಟ’ ಎಂಬುದು ಗ್ರೀಕಿನ ‘ಪ್ಲಾಕೂಸ್’ ಶಬ್ದದ ಮಗು, ಆದ್ದರಿಂದ ಮೂಲ ನಮ್ಮದೇ ಎಂದು ಗ್ರೀಕರ ವಾದ. ಇನ್ನೊಂದು ಪಕ್ಷದವರು ಮಧ್ಯ ಏಷ್ಯಾದ ತುರ್ಕ ಅಲೆಮಾರಿಗಳನ್ನು ಮುಂದಿಡುತ್ತಾರೆ. ಓವನ್ನು ಹೊತ್ತು ತಿರುಗಲಾಗದ ಜನ ಕಾದ ಹಂಚಿನ ಮೇಲೆ ತೆಳ್ಳನೆಯ ರೊಟ್ಟಿ ಸುಟ್ಟು, ಒಂದರ ಮೇಲೊಂದು ಪೇರಿಸಿ ತಿನ್ನುತ್ತಿದ್ದರು. 1070ರ ದಶಕದಲ್ಲಿ ಮಹಮೂದ್ ಕಾಶ್ಗರಿ ಬಾಗ್ದಾದಿನಲ್ಲಿ ಸಿದ್ಧಪಡಿಸಿದ ತುರ್ಕಿ ನಿಘಂಟಿನಲ್ಲಿ ಮಡಿಕೆ ರೊಟ್ಟಿಯನ್ನು ಸೂಚಿಸುವ ಪದವಿದೆ. ಇಂದಿಗೂ ಇಸ್ತಾಂಬುಲಿನವರು ಫಿಲೊ ಹಾಳೆಗೆ ‘ಯುಫ್ಕಾ’ ಎನ್ನುವುದು ಆ ಪದದ ಸಂತತಿಯಿಂದಲೇ.

ನಮಗೆ ತೋರುವಂತೆ ಎರಡನೆಯ ಪಕ್ಷದ ವಾದ ಹೆಚ್ಚು ಬಲವಾದದ್ದು. ಕೇಟೊನ ಹಾಳೆಗಳು ದಪ್ಪನೆಯವು. ಪತ್ರಿಕೆಯನ್ನು ಕೆಳಗಿಟ್ಟರೆ ಅಕ್ಷರ ಕಾಣುವಷ್ಟು ತೆಳುವಾದ ಹಾಳೆ ಬೆಳೆದದ್ದು ಆಟೊಮನ್ ಸುಲ್ತಾನರ ತೋಪ್‌ಕಾಪಿ ಅರಮನೆಯ ಅಡುಗೆಮನೆಯಂಥ ಕಡೆಗಳಲ್ಲಿ. ಅಲ್ಲಿ ಪ್ರತಿ ರಂಜಾನಿನ 15ನೆಯ ದಿನ ಜಾನಿಸರಿ ಸೈನಿಕರಿಗೆ ಬಕ್ಲಾವದ ಹರಿವಾಣಗಳನ್ನು ಕೊಡುವ ಮೆರವಣಿಗೆಯೇ ಇತ್ತು. 1826ರಲ್ಲಿ ಆ ದಳವನ್ನು ವಿಸರ್ಜಿಸುವವರೆಗೆ ಅದು ನಡೆಯಿತು. ಸಿಹಿಯಾದರೆ ಬಕ್ಲಾವ, ಚೀಸನ್ನೋ ಸೊಪ್ಪನ್ನೋ ಮಾಂಸವನ್ನೋ ತುಂಬಿದರೆ ಬೊರೆಕ್. ಆದರೆ ಆ ಸಾಮ್ರಾಜ್ಯದಲ್ಲಿ ಹಿಟ್ಟು ನಾದಿದವರು ಯಾರು? ತುರ್ಕರು, ಗ್ರೀಕರು, ಅರ್ಮೇನಿಯರು, ಅಲ್ಬೇನಿಯರು, ಯಹೂದಿಗಳು, ವ್ಲಾಕ್ ಕುರುಬರು ಎಲ್ಲರೂ. ಗ್ರೀಸಿನ ವಾಯವ್ಯದ ಎಪಿರಸ್ ಬೆಟ್ಟಸೀಮೆಯಲ್ಲಿ ಕುರಿ ಕಾಯುವ ಕುಟುಂಬಗಳ ಹೆಣ್ಣುಮಕ್ಕಳು ಕೋಲಿನಂಥ ಸಪೂರ ಲಟ್ಟಣಿಗೆಯಿಂದ ಹಾಳೆ ಲಟ್ಟಿಸಿ, ಗುಡ್ಡದ ಕಾಡುಸೊಪ್ಪನ್ನು ತುಂಬಿ, ಕೆಂಡ ಮುಚ್ಚಿದ ಲೋಹದ ಮುಚ್ಚಳದಡಿ ಪಿಟ ಬೇಯಿಸುತ್ತಿದ್ದರು. ಅವರಿಗೆ ಅದು ಗ್ರೀಕೂ ಅಲ್ಲ, ತುರ್ಕಿಯೂ ಅಲ್ಲ, ಮಧ್ಯಾಹ್ನದ ಊಟ.

ಹೀಗೆ ಬೆರೆತು ಹೋಗಿದ್ದ ಜನರನ್ನು ಬೇರ್ಪಡಿಸುವ ಕೆಲಸ 1923ರ ಜನವರಿ 30ರಂದು ಸ್ವಿಟ್ಜರ್‌ಲ್ಯಾಂಡಿನ ಲೊಸಾನ್ ನಗರದಲ್ಲಿ ನಡೆಯಿತು. ಅದಕ್ಕೆ ಮೊದಲು ಗ್ರೀಕ್ ಸೈನ್ಯ ಅನಟೋಲಿಯಾದಲ್ಲಿ ಸೋತಿತ್ತು. 1922ರ ಸೆಪ್ಟೆಂಬರಿನಲ್ಲಿ ಸ್ಮಿರ್ನಾ ನಗರ, ಎಂದರೆ ಇಂದಿನ ಇಜ್ಮೀರ್, ಉರಿದುಹೋಗಿತ್ತು. ಗ್ರೀಸ್ ಮತ್ತು ತುರ್ಕಿಗಳು ಒಪ್ಪಂದ ಮಾಡಿಕೊಂಡು ತಮ್ಮ ತಮ್ಮ ಅಲ್ಪಸಂಖ್ಯಾತರನ್ನು ಕಡ್ಡಾಯವಾಗಿ ವಿನಿಮಯ ಮಾಡಿಕೊಂಡವು. ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿಗೆ, ಸುಮಾರು 4 ಲಕ್ಷ ಮುಸಲ್ಮಾನರು ತುರ್ಕಿಗೆ. ಇಸ್ತಾಂಬುಲಿನ ಗ್ರೀಕರಿಗೂ ಪಶ್ಚಿಮ ಥ್ರೇಸಿನ ಮುಸಲ್ಮಾನರಿಗೂ ಮಾತ್ರ ವಿನಾಯಿತಿ ಸಿಕ್ಕಿತು. ಅಳತೆಗೋಲು ಧರ್ಮವೇ ಹೊರತು ಭಾಷೆಯಲ್ಲ. ಆದ್ದರಿಂದ ತುರ್ಕಿಯನ್ನಲ್ಲದೆ ಬೇರೆ ನುಡಿಯನ್ನೇ ಅರಿಯದ ಕಪಡೋಕಿಯದ ಕ್ರೈಸ್ತರು ‘ಗ್ರೀಕರಾಗಿ’ ಗ್ರೀಸಿಗೆ ಹೋದರು. ಗ್ರೀಕನ್ನಷ್ಟೇ ಆಡುತ್ತಿದ್ದ ಕ್ರೀಟ್ ದ್ವೀಪದ ಮುಸಲ್ಮಾನರು ‘ತುರ್ಕರಾಗಿ’ ಹಡಗು ಹತ್ತಿದರು. ಭಾಷೆಯನ್ನು ಹಿಡಿದು ಊರು ಬಿಟ್ಟು ಬದುಕುತ್ತಿರುವ ನಮ್ಮಂಥವರಿಗೆ ಈ ಒಂದು ವಿವರ ಉಳಿದೆಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ.

ಆ ಸಮ್ಮೇಳನದಲ್ಲಿ ಮುಂದಾಳಾಗಿದ್ದ ಬ್ರಿಟಿಷ್ ವಿದೇಶಾಂಗ ಸಚಿವ ನಮಗೆ ಅಪರಿಚಿತನಲ್ಲ. 1905ರಲ್ಲಿ ಬಂಗಾಳವನ್ನು ಒಡೆದ ಲಾರ್ಡ್ ಕರ್ಜನನೇ ಆತ. ಈ ವಿನಿಮಯ ತೀರ ಕೆಟ್ಟ ಪರಿಹಾರವೆಂದೂ ಇದಕ್ಕಾಗಿ ಜಗತ್ತು ನೂರು ವರ್ಷ ದಂಡ ತೆರಬೇಕಾದೀತೆಂದೂ ಹೇಳಿದವನೂ ಆತನೇ. ಹೇಳಿದ ಮೇಲೂ ಕೆಲಸ ನಿಲ್ಲಲಿಲ್ಲ. ಕಡತದಲ್ಲಿ ಆಕ್ಷೇಪಣೆಯನ್ನು ದಾಖಲಿಸಿ ಆದೇಶವನ್ನು ಹೊರಡಿಸುವ ರೂಢಿ ಎಷ್ಟು ಹಳೆಯದೆಂಬುದು ಸರ್ಕಾರಿ ಕಚೇರಿಯಲ್ಲಿ ಕುಳಿತ ನಮಗೆ ಗೊತ್ತಿಲ್ಲದ ಸಂಗತಿಯಲ್ಲ.

1928ರ ಜನಗಣತಿಯ ವೇಳೆಗೆ ಗ್ರೀಸಿನ ಐವರಲ್ಲಿ ಒಬ್ಬರು ನಿರಾಶ್ರಿತರಾಗಿದ್ದರು. ಊರವರು ಅವರನ್ನು ಪ್ರೀತಿಯಿಂದ ಬರಮಾಡಿಕೊಳ್ಳಲಿಲ್ಲ. ‘ತುರ್ಕರ ಬೀಜ’ ಎಂದು ಬೈದದ್ದೂ ಉಂಟು. ಜಮೀನಿಲ್ಲ, ಅಂಗಡಿಯಿಲ್ಲ, ಇದ್ದದ್ದು ಕೈಯ ಕಸುಬು. ಥೆಸಲೊನೀಕಿ, ಸೆರೆಸ್ ಮೊದಲಾದ ಉತ್ತರದ ನಗರಗಳಲ್ಲಿ ಅವರು ಫಿಲೊ ಹಾಳೆಯನ್ನು ಗಾಳಿಯಲ್ಲಿ ಬೀಸಿ ಹಿಗ್ಗಿಸುತ್ತ ‘ಬುಗಾತ್ಸ’ ಮಾರತೊಡಗಿದರು. ಕೆನೆ, ಚೀಸ್, ಪಾಲಕ್, ಯಾವ ಹೂರಣವಾದರೂ ಸರಿ. ಇಂದು ಥೆಸಲೊನೀಕಿಯ ಬೆಳಗಿನ ಉಪಾಹಾರವೆಂದರೆ ಬುಗಾತ್ಸವೇ. ಆ ಹೆಸರಿನ ಪಯಣವನ್ನೂ ನೋಡಿರಿ: ಲ್ಯಾಟಿನಿನಲ್ಲಿ ಒಲೆಗೆ ‘ಫೋಕಸ್’, ಒಲೆಯಲ್ಲಿ ಬೆಂದ ರೊಟ್ಟಿ ಇಟಲಿಯಲ್ಲಿ ‘ಫೊಕಾಚ’, ತುರ್ಕಿಯಲ್ಲಿ ‘ಪೊಗಾಚ’, ಗ್ರೀಸಿನಲ್ಲಿ ‘ಬುಗಾತ್ಸ’. ಸಮುದ್ರದ ಆಚೆ ಬದಿಯಲ್ಲಿ, ಐವಾಲಿಕ್ ಪಟ್ಟಣಕ್ಕೆ ಬಂದಿಳಿದ ಕ್ರೀಟಿನ ಮುಸಲ್ಮಾನರು ಆಲಿವ್ ಎಣ್ಣೆಯಲ್ಲಿ ಬಾಡಿಸಿದ ಕಾಡುಸೊಪ್ಪಿನ ಅಡುಗೆಗಳನ್ನು ಅಲ್ಲಿ ಬೇರೂರಿಸಿದರು. ಹೊಲಕ್ಕೆ ಹಸುವೂ ಕ್ರೀಟಿನವನೂ ಒಟ್ಟಿಗೆ ನುಗ್ಗಿದರೆ ಮೊದಲು ಕ್ರೀಟಿನವನನ್ನು ಓಡಿಸಬೇಕು ಎಂಬ ನಗೆಮಾತು ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ದೆಹಲಿಯ ಲಜಪತ್ ನಗರದಂಥ ಬಡಾವಣೆಗಳಲ್ಲಿ 1947ರ ನಂತರ ನೆಲೆಸಿದ ಪಂಜಾಬಿಗಳ ತಂದೂರಿ ಒಲೆ ಹೇಗೆ ‘ದೆಹಲಿಯ ಊಟ’ವಾಯಿತೆಂಬುದನ್ನು ಕಂಡವರಿಗೆ ಇದು ಹೊಸತೆನಿಸದು.

ಥೆಸಲೊನೀಕಿಯ ಇನ್ನೊಂದು ಸಮುದಾಯದ ಮಾತು ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯಹೂದಿಗಳಿಗೆ ಈ ನಗರ ನಾಲ್ಕೂವರೆ ಶತಮಾನ ಮನೆಯಾಗಿತ್ತು. ಅವರು ಸ್ಪೇನಿನ ‘ಎಂಪನಾಡ’ವನ್ನು ತುರ್ಕರ ಬೊರೆಕ್‌ಗೆ ಬೆಸೆದು ‘ಬೊರೆಕಾಸ್’ ಮಾಡಿಕೊಂಡರು. ಪಾಲಕ್ ಮತ್ತು ಚೀಸ್ ಅದರ ಮೆಚ್ಚಿನ ಹೂರಣಗಳು. 1943ರ ಮಾರ್ಚಿನಿಂದ ಆಗಸ್ಟ್‌ವರೆಗೆ ನಾಜಿಗಳು ಆ ನಗರದ 45,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲಿನಲ್ಲಿ ಸಾಗಿಸಿದರು, ಹೆಚ್ಚುಕಡಿಮೆ ಎಲ್ಲರನ್ನೂ ಆಶ್‌ವಿಟ್ಜ್‌ಗೆ. ಬೊರೆಕಾಸ್ ಇಂದು ಇಸ್ರೇಲಿನ ಬೀದಿಬದಿಯ ತಿಂಡಿ. ಅದು ಬೆಳೆದ ಬೀದಿಗಳಲ್ಲಿ ಅದನ್ನು ಮಾಡುವ ಮನೆಗಳು ಬೆರಳೆಣಿಕೆಯಷ್ಟು.

ಅಡುಗೆಯನ್ನೂ ಜನರಂತೆಯೇ ‘ಶುದ್ಧೀಕರಿಸಲು’ ಹೊರಟವರೂ ಇದ್ದರು. ನಿಕೊಲಾಸ್ ಸೆಲೆಮೆಂಟೆಸ್ (1878–1958) ಎಂಬ ಬಾಣಸಿಗನ ಪಾಕಗ್ರಂಥ ಗ್ರೀಸಿನ ಮಧ್ಯಮವರ್ಗದ ಮನೆಮನೆಗಳಿಗೂ ಹೊಕ್ಕಿತು. ಅಲ್ಲಿ ಅವನ ಹೆಸರೇ ಪಾಕಪುಸ್ತಕಕ್ಕೆ ಪರ್ಯಾಯಪದವಾಯಿತು. ಗ್ರೀಕ್ ಅಡುಗೆ ತುರ್ಕರ ಮಸಾಲೆಯಿಂದ ಕೆಟ್ಟಿದೆ, ಅದನ್ನು ತೊಳೆದು ಯೂರೋಪಿಗೆ ಮರಳಿಸಬೇಕೆಂಬುದು ಅವನ ನಂಬಿಕೆ. ಆ ಭರದಲ್ಲಿ ಅವನು ಮುಸಾಕದ ಮೇಲೆ ಫ್ರೆಂಚರ ಬೆಶಮೆಲ್ ಸಾಸನ್ನು ಸುರಿದನು. ಇಂದು ಪ್ರವಾಸಿಗರು ಅದನ್ನೇ ಪುರಾತನ ಗ್ರೀಕ್ ರುಚಿಯೆಂದು ಸವಿಯುತ್ತಾರೆ. ಪಿಟವನ್ನು ಮಾತ್ರ ತೊಳೆಯಲಾಗಲಿಲ್ಲ. ಅದರಲ್ಲಿ ತೊಳೆಯುವಂಥದ್ದೇನೂ ಇರಲಿಲ್ಲ.

ಚೀಸಿನ ಹೋರಾಟ ನ್ಯಾಯಾಲಯ ಹತ್ತಿತು. ಗ್ರೀಕರ ಚೀಸ್ ಪುರಾತನವೆಂಬುದರಲ್ಲಿ ಸಂಶಯವಿಲ್ಲ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಅನುವಾದದ ಮೂಲಕ ಒಡಿಸ್ಸಿ ಓದಿದವರಿಗೆ ಒಂಬತ್ತನೆಯ ಸರ್ಗದ ಒಕ್ಕಣ್ಣ ದೈತ್ಯ ಪಾಲಿಫೀಮಸ್ ನೆನಪಿರಬಹುದು: ನರಭಕ್ಷಕನಾದರೂ ಅಚ್ಚುಕಟ್ಟಾದ ಗೊಲ್ಲ, ಹಾಲನ್ನು ಹೆಪ್ಪುಗಟ್ಟಿಸಿ ಹೆಣೆದ ಬುಟ್ಟಿಗಳಲ್ಲಿ ಇಡುತ್ತಾನೆ. ಮುಂಬಯಿಯ ಪಾರ್ಸಿಗಳು ಪುಟ್ಟ ಬುಟ್ಟಿಗಳಲ್ಲಿ ಹಾಕುವ ‘ಟೋಪ್ಲಿ ಪನೀರ್’ ಕಂಡವರಿಗೆ ಆ ದೃಶ್ಯ ದೂರದ್ದಲ್ಲ. 1494ರಲ್ಲಿ ಇಟಲಿಯ ಯಾತ್ರಿಕ ಪಿಯೆಟ್ರೊ ಕಸೋಲ ಕ್ರೀಟಿನಲ್ಲಿ ಚೀಸನ್ನು ಉಪ್ಪುನೀರಿನಲ್ಲಿ ಇಡುವುದನ್ನು ಕಂಡು ಬರೆದನು. ಆದರೆ ‘ಫೆಟ’ ಎಂಬ ಹೆಸರು ತುಂಡು ಎಂಬರ್ಥದ ಇಟಾಲಿಯನ್ ಶಬ್ದದಿಂದ ಬಂದದ್ದು.

ಇಪ್ಪತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನವರು ಹಸುವಿನ ಹಾಲಿನ ಚೀಸನ್ನೂ ಅದೇ ಹೆಸರಿನಲ್ಲಿ ಮಾರತೊಡಗಿದರು. 1996ರಲ್ಲಿ ಯೂರೋಪಿನ ಒಕ್ಕೂಟ ‘ಫೆಟ’ವನ್ನು ಗ್ರೀಸಿಗೆ ಕಾಯ್ದಿರಿಸಿತು, 1999ರಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿತು, 2002ರಲ್ಲಿ ಮತ್ತೆ ನೋಂದಣಿಯಾಯಿತು. ಜರ್ಮನಿ, ಡೆನ್ಮಾರ್ಕ್‌ಗಳು ಮತ್ತೆ ದಾವೆ ಹೂಡಿ 2005ರ ಅಕ್ಟೋಬರ್ 25ರಂದು ಸೋತವು. ಫೆಟ ಎಂಬುದು ಯಾರೂ ಬಳಸಬಹುದಾದ ಸಾಮಾನ್ಯ ನಾಮವೆಂದು ವಾದಿಸಿದ ದೇಶಗಳ ಡಬ್ಬಗಳ ಮೇಲೆಯೇ ಗ್ರೀಸನ್ನು ನೆನಪಿಸುವ ಚಿಹ್ನೆಗಳಿದ್ದದ್ದು ಅವುಗಳಿಗೆ ಮುಳುವಾಯಿತು. ಕನಿಷ್ಠ ಶೇಕಡಾ 70 ಕುರಿಹಾಲು, ಉಳಿದದ್ದು ಮೇಕೆಹಾಲು, ಕನಿಷ್ಠ ಎರಡು ತಿಂಗಳ ಮಾಗುವಿಕೆ, ಇದೀಗ ನಿಯಮ. ಬೆಟ್ಟದ ಕುರುಬನ ಹೆಸರನ್ನು ಕಾರ್ಖಾನೆಯಿಂದ ಕಾಪಾಡಿದ ಈ ತೀರ್ಪು ನ್ಯಾಯವಾದದ್ದೆಂದೇ ನಮ್ಮ ಎಣಿಕೆ. ಆದರೂ ಒಂದು ವ್ಯಂಗ್ಯ ಉಳಿಯಿತು: ಫೆಟ ತಯಾರಿಸಬಹುದಾದ ಪ್ರದೇಶಗಳ ಪಟ್ಟಿಯಲ್ಲಿ ಗ್ರೀಸಿನ ಮುಖ್ಯಭೂಮಿ ಇದೆ, ಲೆಸ್ಬೋಸ್ ದ್ವೀಪವಿದೆ, ಕಸೋಲ ಉಪ್ಪುನೀರಿನ ಚೀಸ್ ಕಂಡ ಕ್ರೀಟ್ ಇಲ್ಲ.

ಹಬ್ಬದ ಸಂಗತಿಗೆ ಬರೋಣ. ಗ್ರೀಕ್ ಸಂಪ್ರದಾಯಸ್ಥ ಕ್ರೈಸ್ತರಿಗೆ ಕ್ರಿಸ್ಮಸ್ಸಿಗೆ ಮುನ್ನ ನವೆಂಬರ್ 15ರಿಂದ 40 ದಿನಗಳ ವ್ರತ. ಹಾಲು, ಚೀಸ್, ಮೊಟ್ಟೆ, ಮಾಂಸ ವರ್ಜ್ಯ. ಈಸ್ಟರಿಗೆ ಮುಂಚಿನ ದೊಡ್ಡ ವ್ರತಕ್ಕೆ ಮೊದಲು ‘ಚೀಸಿನ ವಾರ’ ಎಂದೇ ಒಂದು ವಾರವಿದ್ದು, ಮನೆಯ ಚೀಸೆಲ್ಲ ಪಿಟಗಳಲ್ಲಿ ಮುಗಿಯುತ್ತದೆ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಸೊಪ್ಪುತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು ಬಿಡುವ ಮನೆಗಳಲ್ಲಿ ಬೆಳೆದವರಿಗೆ ಈ ಲೆಕ್ಕಾಚಾರ ಅರ್ಥವಾಗುತ್ತದೆ. ಹಾಗಾಗಿ ಸ್ಪನಕೊಪಿಟಕ್ಕೆ ಎರಡು ಪಾಠಗಳಿವೆ: ಚೀಸಿನದು ಹಬ್ಬಕ್ಕೆ, ಬರಿಯ ಸೊಪ್ಪು–ಎಣ್ಣೆಯದು ವ್ರತಕ್ಕೆ.

ಮನೆಯಲ್ಲಿ ಮಾಡುವವರಿಗೆ ಎರಡು ಮಾತು. ಅರ್ಧ ಕಿಲೋ ಪಾಲಕ್ ಹೆಚ್ಚಿ, ಉಪ್ಪು ಸವರಿ, ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಹಿಂಡಬೇಕು. ನೀರು ಉಳಿದರೆ ಹಾಳೆ ಮೆತ್ತಗಾಗುತ್ತದೆ. ಈರುಳ್ಳಿ ಸೊಪ್ಪು, ಒಂದು ಹಿಡಿ ಸಬ್ಬಸಿಗೆ (ಗ್ರೀಕರೂ ಇದನ್ನು ಬಿಡುವುದಿಲ್ಲ), 200 ಗ್ರಾಂ ಫೆಟ. ಫೆಟ ದೊರೆಯದಿದ್ದರೆ ಪನೀರನ್ನು ಪುಡಿಮಾಡಿ ಉಪ್ಪು, ನಿಂಬೆರಸ ಹಾಕಿ ಒಂದು ರಾತ್ರಿ ಇಡಬಹುದು. ಹೆಪ್ಪುಗಟ್ಟಿಸಿದ ಫಿಲೊ ಹಾಳೆ ಫ್ರಿಜ್ಜಿನಲ್ಲಿಯೇ ನಿಧಾನವಾಗಿ ಕರಗಬೇಕು. ಕೆಲಸ ಮಾಡುವಾಗ ಒದ್ದೆ ಬಟ್ಟೆಯಡಿ ಇರಬೇಕು. ಉದ್ದನೆಯ ಪಟ್ಟಿಗೆ ಆಲಿವ್ ಎಣ್ಣೆಯನ್ನೋ ಬೆಣ್ಣೆಯನ್ನೋ ಸವರಿ, ತುದಿಯಲ್ಲಿ ಒಂದು ಚಮಚ ಹೂರಣವಿಟ್ಟು, ಮೂಲೆಯಿಂದ ಮೂಲೆಗೆ ತ್ರಿಕೋನವಾಗಿ ಮಡಿಸುತ್ತ ಹೋಗುವುದು. 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ, ಹೊಂಬಣ್ಣ ಬರುವವರೆಗೆ. ಫಿಲೊ ಇಲ್ಲದ ಊರಿನಲ್ಲಿ ಮುಂಬಯಿ, ಹೈದರಾಬಾದುಗಳ ಅಂಗಡಿಗಳಲ್ಲಿ ಸಿಗುವ ಸಮೋಸ ಪಟ್ಟಿಯೂ ನಡೆದೀತು; ಪದರು ಅಷ್ಟು ಉದುರದು, ಮಡಿಸುವ ಕ್ರಮ ಮಾತ್ರ ಅದೇ.