ಕೆಸರೆತ್ತುವ ಯಂತ್ರದ ಅಲಗುಚಕ್ರವೂ ಸವೆತದ ಚರಿತ್ರೆಯೂ

೧

ತಗ್ಗಿನಲ್ಲಿರುವ ನೀರನ್ನು ಎತ್ತರಕ್ಕೆ ಏರಿಸುವ ಸಾಧನಗಳ ಚರಿತ್ರೆಯು ಬಹು ಪ್ರಾಚೀನವಾದುದು. ಏತ, ಕಪಿಲೆ, ಅರಘಟ್ಟ ಮೊದಲಾದುವು ಕನ್ನಡ ನಾಡಿನ ಒಕ್ಕಲಿಗರಿಗೆ ಚಿರಪರಿಚಿತವಾದುವು. ಇಂತಹ ಸಾಧನಗಳ ಯೋಗ್ಯತೆಯನ್ನು ನಿರ್ಣಯಿಸುವಾಗ ಎಷ್ಟು ನೀರು ಎಷ್ಟು ಎತ್ತರಕ್ಕೆ ಏರಿತೆಂಬುದನ್ನೇ ಸಾಮಾನ್ಯವಾಗಿ ಎಣಿಸುವುದುಂಟು. ಆದರೆ ಎತ್ತಬೇಕಾದುದು ತಿಳಿನೀರಲ್ಲದೆ ಮರಳು, ಅದಿರಿನ ಪುಡಿ, ಜಲ್ಲಿ ಇವುಗಳಿಂದ ಕೂಡಿದ ಕೆಸರಾದಾಗ ಮತ್ತೊಂದು ಪ್ರಶ್ನೆಯು ಮುಂದೆ ಬರುವುದು: ಎತ್ತುವ ಯಂತ್ರವು ತಾನೇ ಎಷ್ಟು ಕಾಲ ಬಾಳುವುದು? ಗಣಿಗಳ ಕಸವು ನದಿಯ ಪಾಲಾಗುವುದೋ, ಅದಕ್ಕೆಂದು ಕಟ್ಟಿದ ಒಡ್ಡಿನ ಹಿಂದೆ ನಿಲ್ಲುವುದೋ ಎಂಬುದು ಸಹ ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆಯಾದುದರಿಂದ, ಇದು ಕೇವಲ ಯಂತ್ರಶಿಲ್ಪಿಗಳ ವಿಚಾರವೆಂದು ಬಿಡತಕ್ಕದ್ದಲ್ಲ.

೨

ಇಲ್ಲಿ ವಿವರಿಸತಕ್ಕ ಯಂತ್ರವು ಕೇಂದ್ರಾಪಗಾಮಿ ಪಂಪು. ಶಂಖಾಕಾರದ ಗೂಡೊಂದರೊಳಗೆ ಅಲಗುಗಳುಳ್ಳ ಒಂದು ಚಕ್ರವು ತಿರುಗುತ್ತಿರುವುದು. ಇದಕ್ಕೆ ಇಂಪೆಲರ್ ಎಂದು ಹೆಸರು. ನೀರು ಚಕ್ರದ ನಡುವಿನ ಕಣ್ಣಿನಿಂದ ಒಳಹೊಕ್ಕು, ಅಲಗುಗಳ ರಭಸದಿಂದ ಅಂಚಿಗೆ ಚಿಮ್ಮಲ್ಪಟ್ಟು, ಒತ್ತಡವನ್ನು ಪಡೆದು ಕೊಳವೆಯನ್ನು ಸೇರುವುದು. ೧೭ನೆಯ ಶತಮಾನದ ಕೊನೆಯಲ್ಲಿ ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿದ್ವಾಂಸನು ಈ ಬಗೆಯ ಯಂತ್ರವನ್ನು ರಚಿಸಿದನು. ಆದರೂ ಅದಕ್ಕೆ ಲೋಕಪ್ರಸಿದ್ಧಿ ಬಂದುದು ೧೮೫೧ರಲ್ಲಿ ಲಂಡನ್ ನಗರದಲ್ಲಿ ನಡೆದ ಮಹಾಪ್ರದರ್ಶನದಲ್ಲಿ. ಅಲ್ಲಿ ಜಾನ್ ಆಪಲ್ಡ್ ಎಂಬಾತನು ಬಾಗಿದ ಅಲಗುಗಳ ಚಕ್ರವನ್ನು ಪ್ರದರ್ಶಿಸಿದನು. ನೇರವಾದ ಅಲಗುಗಳಿದ್ದಾಗ ವ್ಯಯವಾದ ಶಕ್ತಿಯಲ್ಲಿ ನೂರಕ್ಕೆ ೨೪ ಭಾಗ ಮಾತ್ರ ಫಲಿಸುತ್ತಿದ್ದರೆ, ಬಾಗಿದ ಅಲಗುಗಳಿಂದ ೬೮ ಭಾಗ ಫಲಿಸಿತು. ಅಂದಿನಿಂದ ತೆಳುವೂ ನಯವೂ ಆದ ಬಾಗಿದ ಅಲಗೇ ಪಂಪಿನ ಆದರ್ಶರೂಪವಾಯಿತು.

ಈ ಆದರ್ಶವು ತಿಳಿನೀರಿಗೆ ಸಲ್ಲತಕ್ಕದ್ದು. ೧೮೫೫ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್ ರೇವಿನಲ್ಲಿ ಜನರಲ್ ಮೌಲ್ಟ್ರಿ ಎಂಬ ಹಡಗು ಪಂಪಿನ ಸಹಾಯದಿಂದ ತಳದ ಹೂಳನ್ನು ಹೀರಿ ತೆಗೆಯತೊಡಗಿತು. ಹೂಳು, ಮರಳು, ಅದಿರಿನ ಪುಡಿ ಇವು ಪಂಪನ್ನು ಹೊಕ್ಕ ಮೇಲೆ, ತಿಳಿನೀರಿಗೆ ಗುಣವಾಗಿದ್ದ ತೆಳುವೇ ದೋಷವಾಗಿ ಪರಿಣಮಿಸಿತು. ಕೆಸರಿನ ಪಂಪಿಗೆ ಅಲಗುಗಳು ಕೆಲವೇ ಆಗಿರಬೇಕು, ದಪ್ಪವಾಗಿರಬೇಕು, ಅವುಗಳ ನಡುವಣ ದಾರಿಯು ಕಲ್ಲು ಸಿಕ್ಕಿಕೊಳ್ಳದಷ್ಟು ಅಗಲವಾಗಿರಬೇಕು. ಇದರಿಂದ ಶಕ್ತಿಯು ಕೊಂಚ ನಷ್ಟವಾಗುವುದು, ಆಯುಷ್ಯವು ಲಾಭವಾಗುವುದು.

೩

ಸವೆತವು ಚಕ್ರದ ಮೇಲೆ ಎಲ್ಲೆಡೆಯೂ ಸಮನಾಗಿ ಆಗುವುದಿಲ್ಲ. ಕಣ್ಣಿನ ಬಳಿ ಕೆಸರು ತಟ್ಟನೆ ತಿರುಗಬೇಕಾಗುವುದರಿಂದ ಅಲಗಿನ ಮುಂಚೂಣಿಗೆ ಕಣಗಳು ನೇರವಾಗಿ ಬಡಿಯುವುವು. ಅಲಗಿನ ಮೈಯುದ್ದಕ್ಕೂ ಅವು ಓರೆಯಾಗಿ ಉಜ್ಜುತ್ತ ಸಾಗುವುವು. ಚಕ್ರಕ್ಕೂ ಗೂಡಿಗೂ ನಡುವಣ ಕಿರಿದಾದ ಸಂದಿನಲ್ಲಿ ಒಂದಿಷ್ಟು ಕೆಸರು ಹಿಂದಕ್ಕೆ ಹರಿದು ಎರಡು ಮೈಗಳನ್ನೂ ಅರೆಯುವುದು. ಹೀಗೆ ಬಡಿತ, ಉಜ್ಜುವಿಕೆ, ಅರೆತ ಎಂಬ ಮೂರು ಬಗೆಯ ಹಾನಿಗಳು ಒಂದೇ ಚಕ್ರದ ಮೇಲೆ ಏಕಕಾಲದಲ್ಲಿ ನಡೆಯುವುವು. ಇಯನ್ ಫಿನ್ನಿ ಎಂಬವರು ೧೯೬೦ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿಷಯವು ಶಾಸ್ತ್ರೀಯವಾಗಿ ವಿಶದವಾಯಿತು. ಬಗ್ಗುವ ಸ್ವಭಾವದ ಲೋಹಗಳು ಸುಮಾರು ೨೦ ಡಿಗ್ರಿಗಳ ಓರೆಯಲ್ಲಿ ಬರುವ ಕಣಗಳಿಂದ ಹೆಚ್ಚಾಗಿ ಸವೆಯುವುವು. ಪೆಡಸಾದ ವಸ್ತುಗಳಾದರೋ ನೇರವಾದ ಹೊಡೆತದಿಂದ ಹೆಚ್ಚಾಗಿ ಸವೆಯುವುವು. ಒಂದಕ್ಕೆ ರಕ್ಷೆಯಾದ ಗುಣವೇ ಇನ್ನೊಂದಕ್ಕೆ ದೌರ್ಬಲ್ಯವಾಗುವುದೆಂಬುದು ಇದರ ತಾತ್ಪರ್ಯ.

ಈ ಕಷ್ಟವನ್ನು ತಪ್ಪಿಸಿಕೊಳ್ಳಲು ಹಿಂದಿನವರು ಕೆಲವೆಡೆ ಪಂಪನ್ನೇ ಬಿಟ್ಟು ಅರಘಟ್ಟದ ಮಾರ್ಗವನ್ನು ಹಿಡಿದರು. ಕ್ಯಾಲಿಫೋರ್ನಿಯದಲ್ಲಿ ಚಿನ್ನದ ಗಣಿಗಳ ಹೂಳು ನದಿಗಳನ್ನು ತುಂಬಿ ಕೆಳಗಣ ರೈತರ ಹೊಲಗಳನ್ನು ಕೆಡಿಸುತ್ತಿದ್ದುದರಿಂದ, ೧೮೮೪ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಎಂಬವರು ಹಾಗೆ ಹೂಳನ್ನು ನದಿಗೆ ಬಿಡಕೂಡದೆಂದು ತೀರ್ಪನ್ನಿತ್ತರು. ತರುವಾಯದ ಕಾಲದಲ್ಲಿ ಅಲ್ಲಿಯ ಜಾಕ್ಸನ್ ಊರಿನ ಕೆನಡಿ ಗಣಿಯವರು ತಮ್ಮ ಮರಳುಗೆಸರನ್ನು ಗುಡ್ಡಗಳಾಚೆಯ ಒಡ್ಡಿಗೆ ಸಾಗಿಸುವುದಕ್ಕಾಗಿ ೫೮ ಅಡಿ ವ್ಯಾಸದ ನಾಲ್ಕು ಚಕ್ರಗಳನ್ನು ಕಟ್ಟಿಸಿದರು. ಅಂಚಿಗೆ ತೊಟ್ಟಿಗಳನ್ನು ಜೋಡಿಸಿದ ಈ ಚಕ್ರಗಳು ೧೯೧೪ರಿಂದ ೧೯೪೨ರಲ್ಲಿ ಗಣಿಯು ಮುಚ್ಚುವವರೆಗೂ ನಿಧಾನವಾಗಿ ತಿರುಗುತ್ತಿದ್ದುವು. ನಿಧಾನವೇ ಅವುಗಳ ಬಾಳಿಕೆಯ ರಹಸ್ಯ. ಆದರೆ ಅಷ್ಟು ದೊಡ್ಡ ಚಕ್ರಗಳನ್ನು ಎಲ್ಲೆಡೆಯೂ ನಿಲ್ಲಿಸುವುದು ಸಾಧ್ಯವಿರಲಿಲ್ಲ.

೪

ಪಂಪನ್ನು ಬಿಡಲಾರದವರು ಕಾಠಿಣ್ಯವನ್ನು ಮೊರೆಹೊಕ್ಕರು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ೧೮೮೨ರಲ್ಲಿ ಕಂಡುಹಿಡಿದ ಮ್ಯಾಂಗನೀಸ್ ಉಕ್ಕು ಮೊದಲು ಗಮನ ಸೆಳೆಯಿತು. ನೂರಕ್ಕೆ ಸುಮಾರು ೧೨ ಭಾಗ ಮ್ಯಾಂಗನೀಸ್ ಇರುವ ಈ ಉಕ್ಕು ಹೊಡೆತ ಬಿದ್ದಷ್ಟೂ ಗಟ್ಟಿಯಾಗುವ ವಿಲಕ್ಷಣ ಗುಣವುಳ್ಳದ್ದು. ದೊಡ್ಡ ಕಲ್ಲುಗಳನ್ನು ಹೀರುವ ಹೂಳೆತ್ತುವ ಹಡಗುಗಳಲ್ಲಿ ಇದು ಚೆನ್ನಾಗಿ ಬಾಳಿತು. ನುಣ್ಣನೆಯ ಮರಳಾದರೋ ಹೊಡೆಯುವುದಿಲ್ಲ, ಉಜ್ಜುವುದು. ಹೊಡೆತವಿಲ್ಲದ ಕಡೆ ಈ ಉಕ್ಕಿಗೆ ಗಟ್ಟಿಯಾಗುವ ಅವಕಾಶವೇ ದೊರೆಯದು.

ಅದಿರಿನೊಡನೆ ಬರುವ ಬೆಣಚುಕಲ್ಲಿನ ಪುಡಿಯೇ ಮುಖ್ಯ ಶತ್ರು. ವಿಕರ್ಸ್ ಮಾನದಲ್ಲಿ ಅದರ ಕಾಠಿಣ್ಯವು ಸುಮಾರು ೧,೦೦೦ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು. ಸಾಧಾರಣ ಮೆದು ಉಕ್ಕಿನದು ೨೦೦ನ್ನೂ ಮುಟ್ಟದು. ಬಿಳಿ ಬೀಡುಕಬ್ಬಿಣದಲ್ಲಿ ಹುದುಗಿರುವ ಕಬ್ಬಿಣದ ಕಾರ್ಬೈಡು ಬೆಣಚಿಗೆ ಹೆಚ್ಚುಕಡಮೆ ಸಮನಾದುದೇ ಹೊರತು ಮಿಗಿಲಾದುದಲ್ಲ. ನಿಕ್ಕಲ್ ಸುಮಾರು ೪ ಭಾಗ, ಕ್ರೋಮಿಯಮ್ ಸುಮಾರು ೨ ಭಾಗ ಸೇರಿಸಿ ಎರೆದ ನೈ-ಹಾರ್ಡ್ ಎಂಬ ಬೀಡು ಇದಕ್ಕಿಂತ ಮೇಲಾಯಿತು. ಕ್ರೋಮಿಯಮನ್ನು ನೂರಕ್ಕೆ ೨೭ ಭಾಗದ ಹತ್ತಿರಕ್ಕೆ ಏರಿಸಿದಾಗ ಕಾರ್ಬೈಡಿನ ಜಾತಿಯೇ ಬದಲಾಗಿ, ಅದರ ಕಾಠಿಣ್ಯವು ೧,೨೦೦ನ್ನು ಮೀರಿತು. ಹೀಗೆ ಬೆಣಚಿಗಿಂತ ಗಟ್ಟಿಯಾದ ಹರಳುಗಳು ಅಲಗಿನ ಮೈಯಲ್ಲಿ ನೆಲೆಗೊಂಡುವು. ಆದರೂ ಈ ಬೀಡು ಪೆಡಸಾದುದು. ದೊಡ್ಡ ಕಲ್ಲು ಬಡಿದರೆ ಸೀಳಬಹುದು.

೫

ಇದೇ ಕಾಲದಲ್ಲಿ ಸರ್ವಥಾ ವಿರುದ್ಧವಾದ ಮತ್ತೊಂದು ಮಾರ್ಗವೂ ತೆರೆಯಿತು. ಅದೆಂದರೆ ರಬ್ಬರು. ಉಗುರಿನಿಂದ ಒತ್ತಿದರೆ ತಗ್ಗುವ ಈ ವಸ್ತುವು ಮರಳಿನ ಮುಂದೆ ಉಕ್ಕಿಗಿಂತ ಹೆಚ್ಚು ಕಾಲ ನಿಲ್ಲುವುದೆಂಬುದು ಮೊದಲಿಗೆ ಆಶ್ಚರ್ಯವಾಗಿ ತೋರುವುದು. ಕಾರಣವು ಸರಳವಾದುದು: ಬಂದು ತಾಗಿದ ಕಣಕ್ಕೆ ರಬ್ಬರು ಎದುರುನಿಲ್ಲದೆ ತಗ್ಗಿ, ಅದರ ವೇಗವನ್ನು ತನ್ನಲ್ಲಿ ತಾಳಿಕೊಂಡು, ಮತ್ತೆ ಉಬ್ಬಿ ಅದನ್ನು ಹಿಂದಕ್ಕೆ ಕಳುಹಿಸುವುದು, ಕಡಿಯುವುದಕ್ಕೆ ಕಣಕ್ಕೆ ಅವಕಾಶವಾಗದು. ಕಣವು ಸಣ್ಣದಾಗಿಯೂ ದುಂಡಾಗಿಯೂ ಇರುವವರೆಗೆ ಮಾತ್ರ ಇದು ನಿಜ. ಮೊನಚಾದ ದೊಡ್ಡ ಕಲ್ಲು ರಬ್ಬರನ್ನು ಸೀಳುವುದು. ಎಣ್ಣೆಯೂ ಕಾವೂ ಅದನ್ನು ಕೆಡಿಸುವುವು. ಚಕ್ರದ ಅಂಚಿನ ವೇಗವು ಸೆಕೆಂಡಿಗೆ ಸುಮಾರು ೨೮ ಮೀಟರನ್ನು ಮೀರಿದರೆ ಸಹಜ ರಬ್ಬರಿನ ಅಲಗು ತಾಳಲಾರದು.

ವೇಗದ ವಿಚಾರವು ಲೋಹಕ್ಕೂ ಅನ್ವಯಿಸುವುದು. ಸವೆತವು ಕಣದ ವೇಗದ ಸುಮಾರು ಎರಡೂವರೆಯಿಂದ ಮೂರನೆಯ ಘಾತಕ್ಕೆ ಅನುಸಾರವಾಗಿ ಏರುವುದು; ಮೂರನೆಯ ಘಾತವೆಂದು ಹಿಡಿದರೆ ವೇಗವು ಇಮ್ಮಡಿಯಾದಾಗ ಸವೆತವು ಎಂಟುಮಡಿಯಾಗುವುದು. ಆದುದರಿಂದಲೇ ಒಂದೇ ಪಂಪಿನಿಂದ ಬಹಳ ಎತ್ತರಕ್ಕೆ ಏರಿಸದೆ, ಹಲವು ಪಂಪುಗಳನ್ನು ಸಾಲಾಗಿ ಜೋಡಿಸಿ ಎತ್ತರವನ್ನು ಹಂಚಿಕೊಡುವ ಪದ್ಧತಿಯು ರೂಢಿಗೆ ಬಂದಿತು. ಕೆನಡಿ ಗಣಿಯ ನಾಲ್ಕು ಚಕ್ರಗಳ ನಿಧಾನನೀತಿಯೇ ಇಲ್ಲಿ ಬೇರೊಂದು ರೂಪದಿಂದ ಮರಳಿ ಬಂದಿತೆನ್ನಬಹುದು.

೬

ಸವೆತವನ್ನು ಗೆಲ್ಲುವುದು ಅಸಾಧ್ಯವೆಂದು ಒಪ್ಪಿಕೊಂಡ ಮೇಲೆ ನಿಜವಾದ ಪ್ರಗತಿಯಾಯಿತು. ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿಯ ಚಿನ್ನದ ಗಣಿಗಳಿಗಾಗಿ ಚಾರ್ಲ್ಸ್ ವಾರ್ಮನ್ ೧೯೩೮ರಲ್ಲಿ ಕೆಸರಿನ ಪಂಪೊಂದನ್ನು ರಚಿಸಿದನು. ಅವನ ಹೆಸರಿನಿಂದ ಪ್ರಸಿದ್ಧವಾದ ಪಂಪುಗಳ ಬೆಳೆದ ರೂಪದಲ್ಲಿ ಎರಡು ಕೆಲಸಗಳು ಬೇರ್ಪಟ್ಟಿವೆ: ಹೊರಗೂಡು ಒತ್ತಡವನ್ನು ಹೊರುವುದು; ಅದರೊಳಗೆ ಬೋಲ್ಟುಗಳಿಂದ ಬಿಗಿದ ಒಳಪದರವೂ ಅಲಗುಚಕ್ರವೂ ಸವೆತವನ್ನು ಹೊರುವುವು. ಸವೆದುದನ್ನು ಬಿಚ್ಚಿ ಹೊಸದನ್ನು ತೊಡಿಸಬಹುದು. ಕೆಸರಿನ ಸ್ವಭಾವವನ್ನು ನೋಡಿ ಬೀಡನ್ನಾಗಲಿ ರಬ್ಬರನ್ನಾಗಲಿ ಆರಿಸಿಕೊಳ್ಳಬಹುದು. ಸವೆಯದ ವಸ್ತುವನ್ನು ಅರಸುವುದಕ್ಕೆ ಬದಲಾಗಿ, ಎಲ್ಲಿ ಸವೆಯಬೇಕೆಂಬುದನ್ನು ಮುಂಚಿತವಾಗಿಯೇ ಗೊತ್ತುಮಾಡುವುದು ಈ ವ್ಯವಸ್ಥೆಯ ಸಾರ.

೭

ಕನ್ನಡ ನಾಡಿಗೂ ಈ ಚರಿತ್ರೆಯೊಡನೆ ಸಂಬಂಧವುಂಟು. ಕೋಲಾರದ ಚಿನ್ನವು ಬೆಣಚುಕಲ್ಲಿನ ಪಟ್ಟೆಗಳಲ್ಲಿಯೇ ಅಡಗಿತ್ತು. ೨೦೦೧ರಲ್ಲಿ ಗಣಿಗಳು ಮುಚ್ಚಿದ ಮೇಲೂ ಉಳಿದಿರುವ ಸೈನೈಡ್ ದಿಬ್ಬಗಳು ಹಾಗೆ ಅರೆದ ಕಲ್ಲಿನ ರಾಶಿಗಳೇ. ಕುದುರೆಮುಖದಲ್ಲಿ ಬೆಣಚಿನೊಡನೆ ಬೆರೆತ ಕಬ್ಬಿಣದ ಅದಿರನ್ನು ನುಣ್ಣಗೆ ಅರೆದು, ಸಾರವನ್ನು ಕೆಸರಿನ ರೂಪದಲ್ಲಿ ಸುಮಾರು ೬೭ ಕಿಲೋಮೀಟರುಗಳ ಕೊಳವೆಯ ಮೂಲಕ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಕಸವನ್ನು ಲಖ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿದ್ದರು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ೨೦೦೫ರ ಕೊನೆಯಲ್ಲಿ ಅಲ್ಲಿಯ ಗಣಿಗಾರಿಕೆಯು ನಿಂತಿತು.

ಮೇಲಣ ವಿವರಗಳಿಂದ ಎರಡು ಅಂಶಗಳು ಸಿದ್ಧವಾಗುವುವು. ಕಾಠಿಣ್ಯವೊಂದೇ ಬಾಳಿಕೆಗೆ ಕಾರಣವಲ್ಲ. ಮಾರ್ದವ, ಆಕಾರ, ನಿಧಾನ ಇವುಗಳಿಗೂ ಅದರಲ್ಲಿ ಸಮಪಾಲುಂಟು. ಎರಡನೆಯದಾಗಿ, ಬಾಳಿಕೆಯುಳ್ಳ ಅಲಗುಚಕ್ರವು ಗಣಿಯ ಕಸವನ್ನು ನದಿಯಿಂದ ದೂರ ಒಯ್ಯುವ ಶಕ್ತಿಯನ್ನು ಕೊಟ್ಟಿತು. ಅದೇ ಶಕ್ತಿಯಿಂದ ಬೆಟ್ಟಗಳನ್ನೇ ಅರೆದು ಸಾಗಿಸುವುದೂ ಸುಲಭವಾಯಿತು. ಚಕ್ರವು ಎಷ್ಟು ಕಾಲ ತಿರುಗಬಲ್ಲುದೆಂಬುದನ್ನು ಲೋಹಶಾಸ್ತ್ರವು ಹೇಳುವುದು. ಎಲ್ಲಿಯವರೆಗೆ ತಿರುಗಬಹುದೆಂಬುದನ್ನು ಸಾಯರರ ತೀರ್ಪಿನಲ್ಲಿಯೂ ಕುದುರೆಮುಖದ ಆಜ್ಞೆಯಲ್ಲಿಯೂ ಧರ್ಮಾಸನವೇ ಹೇಳಬೇಕಾಯಿತು.